ಇಂಚರ ಆರ್.

ರೋಲಾದ ಟೈಪಿಂಗ್ ಸೆಂಟರಿನಲ್ಲಿ
ತಿರೂರಿನ ಹುಡುಗ ಕೇಳುತ್ತಾನೆ:
ಚೇಚಿ, ಎಷ್ಟು ವರ್ಷದಿಂದ ಇಲ್ಲ?
ಇಲ್ಲ ಅಂದರೆ ಯಾವ ಇಲ್ಲ,
ಸತ್ತದ್ದೋ, ಬಿಟ್ಟದ್ದೋ? ಕಾಲಂ ಬೇರೆ ಬೇರೆ.

ಬಿಟ್ಟದ್ದು, ಅಂದೆ. ಆರು ವರ್ಷ ನಾಲ್ಕು ತಿಂಗಳು.
ಬಹರೈನಿಗೆ ಅಂತ ಹೋದದ್ದು, ಎರಡು ವಾರದ ಕೆಲಸ,
ಗೀಸರ್ ಆಫ್ ಮಾಡು ಅಂದದ್ದು ಕೊನೆಯ ಮಾತು.
ಹುಡುಗ ತಲೆಯಾಡಿಸಿ
ಬಲದಿಂದ ಎಡಕ್ಕೆ ಟೈಪಿಸಿದ.
ನನ್ನ ಆರು ವರ್ಷ ಪರದೆಯ ಮೇಲೆ
ಹಿಂದಕ್ಕೆ ನಡೆದುಹೋಯಿತು.
ಪುಟಕ್ಕೆ ನಲವತ್ತು ದಿರ್ಹಮ್, ಮೊಹರು ಬೇರೆ.

ನನಗೇನೂ ದ್ವೇಷವಿಲ್ಲ, ಬರೆದುಕೋ ಅಂದೆ.
ಅದಕ್ಕೆ ಕಾಲಂ ಇಲ್ಲ ಚೇಚಿ.

ಆದದ್ದು ಇಷ್ಟೇ:
ಟಾನ್ಸಿಲ್ ಊದಿ, ಉಗುಳೂ ನುಂಗಲಾಗದ ಮಗಳನ್ನು
ನಡುರಾತ್ರಿ ಎತ್ತಿಕೊಂಡು ಓಡಿದೆ.
ನಾನೇ ಕೆಲಸ ಮಾಡುವ ಆಸ್ಪತ್ರೆ,
ನಾನೇ ಅವಳ ರಕ್ತ ತೆಗೆದದ್ದು, ಗುಂಪು ಬರೆದದ್ದು.
ಆಪರೇಶನ್ನಿನ ಕಾಗದ ಮಾತ್ರ
ನನ್ನ ಸಹಿಗೆ ಒಪ್ಪಲಿಲ್ಲ.
ಅಪ್ಪನದು ಬೇಕು, ಅಂದಳು
ಎಂಟು ವರ್ಷ ನನ್ನ ಜೊತೆ ರಾತ್ರಿಪಾಳಿ ಮಾಡಿದ ಗೆಳತಿ,
ನನ್ನ ಮುಖ ನೋಡದೆ.
ಇನ್ನೂ ಗುಳಿಗೆಯಲ್ಲಿ ದಿನ ತಳ್ಳುತ್ತಿದ್ದೇವೆ.

ಆಮೇಲೆ ಪಾಸ್‌ಪೋರ್ಟು. ಆಮೇಲೆ ಶಾಲೆಯ ಟಿ.ಸಿ.
ಇಲ್ಲದವನ ಕೈ ಎಷ್ಟು ಉದ್ದ!
ಹಾಲು ಕಾಯಿಸುವ ಕೈ ಮೋಟು.

ಅವನ ನಂಬರು ಈಗಲೂ ಒತ್ತುತ್ತೇನೆ,
ಪ್ರಯತ್ನಿಸಿದ್ದೇನೆ ಎಂದು ತೋರಿಸಬೇಕಲ್ಲ.
ಮೊದಲು ಅರಬ್ಬಿಯಲ್ಲಿ ಒಬ್ಬಳು, ಆಮೇಲೆ ಇಂಗ್ಲಿಷಿನಲ್ಲಿ ಅವಳೇ
ಸಿಗುವುದಿಲ್ಲ ಅನ್ನುತ್ತಾಳೆ.
ಆ ಅರಬ್ಬಿ ನನಗೆ ಬಾಯಿಪಾಠ.
ಬೇರೆ ಅರಬ್ಬಿ ಬರುವುದಿಲ್ಲ
ಎಂದುಕೊಂಡಿದ್ದೆ, ಕೋರ್ಟಿನ ಬೆಂಚಿನಲ್ಲಿ ಕೂರುವ ತನಕ.

ಹಕ್ಕ್, ಅಂದರು ನ್ಯಾಯಾಧೀಶರು.
ವಕೀಲ್, ಅಂದರು. ತಾರೀಖ್.
ಅನುವಾದಕ ಬಾಯಿ ತೆರೆಯುವ ಮೊದಲೇ
ನಾನು ಗಂಗೊಳ್ಳಿಯಲ್ಲಿದ್ದೆ.
ಬಲೆಯ ಪಾಲಿನ ವ್ಯಾಜ್ಯಕ್ಕೆ ಹನ್ನೊಂದು ಮಳೆಗಾಲ
ಕಡವು ದಾಟಿ ಕುಂದಾಪುರದ ಕೋರ್ಟಿಗೆ ಹೋದ ದೊಡ್ಡಮ್ಮ
ಇವೇ ಶಬ್ದಗಳನ್ನು ಎಲೆಯಡಿಕೆಯೊಂದಿಗೆ ಅಗಿಯುತ್ತಿದ್ದಳು:
‘ವಕೀಲ್ರಿಗ್ ಕೊಟ್ಟದ್ದೇ ಬಂತ್ ಕಾಣ್,
ಹಕ್ಕ್ ಎಲ್ಲಿತ್ತ್ ಹೆಣೆ?’
ಯಾವ ಹಡಗು ಹತ್ತಿ ಬಂದಿದ್ದವೋ ಈ ಮಾತು,
ಇಲ್ಲಿ ನನ್ನನ್ನು ನೋಡಿ ಗುರುತು ಹಿಡಿದವು.

ಹಾಜಿರ್? ಎಂದು ಕೂಗಿದರು ಅವನ ಹೆಸರಿಗೆ.
ಬಿಳಿ ಗೋಡೆ, ಎಸಿಯ ಸದ್ದು.
ನಾನು ಬಾಗಿಲ ಕಡೆ ತಿರುಗಿದೆ.
ತಿರುಗಬಾರದಿತ್ತು.
ಗಾಯಿಬ್, ಎಂದು ಬರೆದುಕೊಂಡರು.
ನಮ್ಮಲ್ಲಾದರೆ ಗೈರು.
ಅಷ್ಟಕ್ಕೇ ಬಿಡುವುದಿಲ್ಲ ನಾವು,
ಗೈರುಹಾಜರಿ ಅನ್ನುತ್ತೇವೆ:
ಇಲ್ಲದವನಿಗೂ ಒಂದು ಹಾಜರಿ.

ಪತ್ರಿಕೆಯಲ್ಲಿ ನೋಟೀಸು ಹಾಕಿ, ಮುಂದಿನ ತಿಂಗಳು ಬನ್ನಿ.

ಹಾಕಿದೆ. ಒಳಪುಟದಲ್ಲಿ,
ಹರಾಜಿನ ಕಾರು, ಕಳೆದುಹೋದ ಚೆಕ್ಕಿನ ನಡುವೆ
ರಘುರಾಮನ ಹೆಸರು.
ಆರು ವರ್ಷದಲ್ಲಿ ನಾನು ಅವನಿಗೆ ಬರೆಸಿದ
ಮೊದಲ ಕಾಗದ.
ಬಾ, ಬಂದು ಬೇಡ ಅನ್ನು.
ಬಾರದಿದ್ದರೆ ಅವಳು ನನ್ನವಳು.

ಮನೆಯಲ್ಲಿ ಇಂಚರ
ಹೊಸ ನೋಟ್‌ಬುಕ್ಕಿಗೆ ಹೆಸರು ಬರೆಯುತ್ತಿದ್ದಳು.
ಪೆನ್ಸಿಲು ನಿಲ್ಲಿಸಿ ಕೇಳಿದಳು:
ಕೋರ್ಟಿನವ್ರು ಆರ್ ಕೂಡ ತೆಗೀತಾರಾ?
ಇಲ್ಲ, ಅದು ಇರುತ್ತದೆ, ಅಂದೆ.
ಇರ್ಲಿ ಬಿಡು. ಬರ್ದು ಅಭ್ಯಾಸ ಆಗಿದೆ.
ಆಮೇಲೆ, ಮೊಸರನ್ನ ಕಲಸುತ್ತ,
ಅವರ ಅಕ್ಷರ ಹೇಗಿತ್ತಮ್ಮ?

ಲಗತ್ತಿಸಿದ ಹದಿನೇಳು ದಾಖಲೆಯಲ್ಲಿ ಹುಡುಕಿದೆ.
ಎಲ್ಲ ಟೈಪಾದದ್ದು.

ಗೀಸರಿನ ಸ್ವಿಚ್ಚಿನ ಪಕ್ಕ
ಅವನೇ ಅಂಟಿಸಿದ ಬ್ಯಾಂಡೇಜಿನ ತುಂಡು,
ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ಆಫ್’,
ಕೊನೆಯ ಅಕ್ಷರ ಉಗಿಗೆ ಮಾಸಿದೆ.
ತೋರಿಸಲೋ ಬೇಡವೋ.
ನಾಳೆ ಮಂಗಳವಾರ. ತಾರೀಖು.